ಹೊಸ್ತಿಲದ ಮೊಳಿ

ಆ ಅಮಾಸಿ ರಾತ್ರಿ ಗಂಗಾವತಿ ಬಸ್‌ಸ್ಟ್ಯಾಂಡಿನ್ಯಾಗ ಗಂಡ ಹೆಂಡ್ತಿ ಇಳದಾಗ ಹತ್ತೂವರಿ ಆಗಿತ್ತು. ಹೆಂಡ್ತಿ ಅಂದ್ರ ನಮ್ಮ ಚಿಗವ್ವನ ಮಗಳು ಗುರುಲಿಂಗಮ್ಮ. ಗಂಡ ಅಂದ್ರ ಮರಳಿ ಊರಿನ ವಿರುಪಣ್ಣ. ಮೀಸಿಗೆ ಬಣ್ಣ ಹಚ್ಕೊಂಡು, ಕಿಸೆದಾಗ ಕೀಲಿಕೈ ಗೊಂಚಲ ಝಣಝಣ ಅನಿಸ್ಕೋತ ತಿರಗೋ ಮನಷ್ಯಾ. ಮಂದಿ ಹೊದ್ಕೊಂಡು ಮಲಗೋ ಹೊತ್ತಿನ್ಯಾಗ ಇವರು ಎಲ್ಲಿಗೆ ಹೊಂಟಿದ್ರು? ತಮ್ಮ ಮನ್ಯಾಗ ತಾವ ಕಳ್ಳರನ್ನ ಹಿಡಿಯಾಕ!

ಆ ಮನಿ ಇರೋ ಅಪಾರ್ಟ್‌ಮೆಂಟಿಗೆ ಹೋಗೋ ದಾರ್ಯಾಗ, ಅದರ ಗ್ವಾಡಿ ಬುಡಕ್ಕ, ಒಂದು ಹಾಳಬಾವಿ ಐತಿ. ಕಟ್ಟಿ ಒಡದೈತಿ, ಮ್ಯಾಲ ಜಾಲಿಮುಳ್ಳು ಒಗದಾರ. ಆ ಕಟ್ಟಡ ಕಟ್ಟುವಾಗ ಸಿಮೆಂಟ್ ಕಲಸಿದ್ದು ಅದರ ನೀರಿಲೇನ. ಅತ್ಲಾಗ ದೂರ ಅಕ್ಕಿ ಮಿಲ್ಲು ಗುಂಯ್... ಅಂತಿತ್ತು. ಇವರು ಬಾವಿ ಹತ್ರ ಬರೋದಕ್ಕ, ಆ ಮಿಲ್ಲಿನ ಸಪ್ಪಳ ನಿಂತ್ತು. ನಾಯಿನೂ ಬೊಗಳವಲ್ದು.

ಆಮ್ಯಾಲ... ಟಕ್.

ಬಾವಿ ಒಳಗಿಂದ ಅಲ್ಲ. ಮ್ಯಾಲಿಂದ. ಮೂರನೇ ಮಹಡಿ ಕಡಿಂದ. ಟಕ್... ಟಕ್...

"ಕೇಳಿದ್ರಿ?" ಗುರುಲಿಂಗಮ್ಮ ಪಿಸುಗುಟ್ಟಿದ್ಲು.

"ಕೇಳೇನಿ. ಆಕಿನ ಅದು. ಇವತ್ತ ಕೈಗೆ ಸಿಕ್ಕಾಳ."

"ಕಿಟಕ್ಯಾಗ ಬೆಳಕಿಲ್ಲಲ್ರಿ..."

"ಕಳ್ಳರು ದೀಪಾ ಹಚ್ಕೊಂಡು ಬರ್ತಾರೇನ? ಬಾಯಿ ಮುಚ್ಚಿ ಬಾ."

ವಿರುಪಣ್ಣ 'ಆಕಿ' ಅಂದಿದ್ದು ಯಾರಿಗೆ ಅಂತ ಹೇಳ್ತೀನಿ, ಮೊದಲ ಇಂವನ ಕತಿ ಕೇಳ್ರಿ. ಕೇಳಿದ್ರ ನಿಮಗೂ ಮೈ ಉರೀತೈತಿ.

ಆ ಮನಿ ಕೊಂಡಿದ್ದು ಯಾರ ಹೊಲಾ ಮಾರಿ? ಗುರುಲಿಂಗಮ್ಮನ ತೌರುಮನಿ ಇಟಗಿ. ಅಲ್ಲಿ ಅವರವ್ವ ಮಗಳಿಗೆ ಅಂತ ಕೊಟ್ಟ ಎರಿಹೊಲಾ ಮಾರಿ. ಕಾಗದ ಯಾರ ಹೆಸರಿಲೆ? ಗುರುಲಿಂಗಮ್ಮನ ಹೆಸರಿಲೆ. ಮತ್ತ ಮಾಲಕ ಅಂತ ಮೀಸಿ ತಿರುವಾವ ಯಾರು? ಈ ವಿರುಪಣ್ಣ! ಗುರುಲಿಂಗಮ್ಮಗ ಒಂದ ಆಸಿ ಇತ್ತು. ಅವ್ವನ ಹೊಲಾ ಹೋದ್ರ ಹೋಗ್ಲಿ, ಪ್ಯಾಟ್ಯಾಗ ನಂದು ಅಂತ ಒಂದು ಮನಿ ಇರ್ಲಿ, ಅದರಾಗ ಯಾರರ ಛಲೋ ಮಂದಿ ಇದ್ದು ಸಂಜೀಕ ದೀಪಾ ಹಚ್ಲಿ. ಅಷ್ಟ. ಬಾಡಗಿ ಆಮ್ಯಾಲಿನ ಮಾತು.

ಉಳಿದ ಮನಿಗಿಂತ ಆ ಮೂಲಿಮನಿ ಭಾಳ ಸೋವಿ ಸಿಕ್ಕಿತ್ತು. "ಯಾಕ್ರಿ ಸೋವಿ?" ಅಂತ ಈಕಿ ಕೇಳಿದ್ಲು. "ನನ್ನ ಮುಖಾ ನೋಡಿ ಕೊಟ್ಟಾರ" ಅಂದ. ಆ ಮುಖಾ ನೋಡಿ ಯಾರೂ ಎಮ್ಮಿ ಸಗಣಿನೂ ಕೊಡಂಗಿಲ್ಲ. ಆದ್ರ ಗಂಡ ಅಲ್ಲ? ನಂಬಿದ್ಲು.

ಹಾಲು ಉಕ್ಕಸೋ ದಿನ ಹೋದಾಗ ಹೊಸ್ತಿಲದ ನಟ್ಟನಡುವ ಒಂದು ಮೊಳಿ. ಸೆಂಟ್ರಿಂಗ್ ಹಲಗಿಗೆ ಹೊಡೀತಾರಲ್ಲ, ಗೇಣುದ್ದ, ತುಕ್ಕು ಹಿಡದಿದ್ದು. ತಲಿ ಅಷ್ಟ ಕಾಣೂಹಂಗ ಇಳಿಸಿ ಹೊಡದಿದ್ರು. ಬಾಗಲಾ ಕೂಡಿಸಿದಾವ ಮಕ್ಬುಲಸಾಬ, ಬಡಗಿ, ಹಿರಿ ಮನಷ್ಯಾ, ಅಲ್ಲೇ ನಿಂತಿದ್ದ.

"ನನ್ನ ಸಾಗವಾನಿ ಹೊಸ್ತಿಲಕ್ಕ ಯಾವ ಮಗ ಇದನ್ನ ಹೊಡದಾವ?"

"ನಾನ ಹೊಡದೇನ್ರಿ ಸಾವ್ಕಾರ. ಅದೊಂದು ಬಿಡ್ರಿ. ಯಾರಿಗೂ ಚುಚ್ಚಂಗಿಲ್ಲ ಅದು."

"ಮನಿ ನಂದೋ ನಿಂದೋ?" ಅಂದವನ ಇಕ್ಕಳ ಇಸಗೊಂಡು, ಹಾಲು ಉಕ್ಕೋಕಿಂತ ಮೊದಲ ಆ ಮೊಳಿ ಕಿತ್ತ. ಕಿತ್ತು, ಕಿಟಕ್ಯಾಗಿಂದ ಕೆಳಗ ಒಗದ. ಮುಳ್ಳಿನ ಸಂದ್ಯಾಗ ಹಾದು ಬಾವಿ ನೀರಿಗೆ ಬಿತ್ತು. ಡುಬುಕ್. ಮಕ್ಬುಲಸಾಬ ಪಾಯಸಾನೂ ಉಣ್ಣದ ಹೋದ.

ಆಮ್ಯಾಲ ಬಾಡಗಿ ಕೊಡೋ ಸಂಭ್ರಮ. ಮೊದಲನೇ ಸಲ ಮಾಲಕ ಆದಾವ ಹೊಸಾ ಅಳಿಯನಂಗ, ಕುಂತ್ರ ತಪ್ಪು ನಿಂತ್ರ ತಪ್ಪು ಅಂತಾನ. ಕಂಪ್ಯೂಟರ ಅಂಗಡ್ಯಾಗ ಕಾಯ್ದೆ ಒತ್ತಿಸಿ ಬಾಗಲದ ಹಿಂದ ಅಂಟಿಸಿದ. ಒಂದು, ಗ್ವಾಡಿಗೆ ಮೊಳಿ ಹೊಡಿಬಾರದು. ಎರಡು, ಏಳು ಗಂಟೆ ಮ್ಯಾಲ ನೆಂಟ್ರು ಬರಬಾರದು. ಮೂರು, ಖಾರದ ಒಗ್ಗರಣಿ ಹಾಕಬಾರದು.

"ಉಸರಾಡಬಾರದು ಅಂತನೂ ಒಂದು ಬರಸ್ರಿ" ಅಂದ್ಲು ಗುರುಲಿಂಗಮ್ಮ.

ಕಾಯ್ದೆ ಓದಿ ನಾಲ್ಕು ಮಂದಿ ಹಿಂದ ಹೋದ್ರು. ಐದನೇದಾಕಿ ನಾಹೀದಾ. ದವಾಖಾನ್ಯಾಗ ನರ್ಸು. ಗಂಡ ಲಾರಿ ಮ್ಯಾಲ, ತಿಂಗಳಿಗೆ ಎರಡ ದಿನ ಮನಿಗಿ ಬಂದ್ರ ಬಂದ. ನಾಲ್ಕು ವರ್ಷದ ಮಗಳು, ಉಜ್ಮಾ. ನಾಹೀದಾ ಬಂದು ಬಾಗಲ ಮುಂದ ಕಸಾ ಹೊಡದು, ಎರಡು ತುಳಸಿ ಡಬ್ಬಿ ಪಕ್ಕದಾಕಿಂದ ಇಸಗೊಂಡು ಇಟ್ಟಾಗ ಗುರುಲಿಂಗಮ್ಮಗ ಕಣ್ಣಾಗ ನೀರು ಬಂತು. ನಮ್ಮವ್ವನ ಹೊಲಾ ಮತ್ತ ಬೆಳೀತು ಅಂದ್ಲು.

ಆದ್ರ ವಿರುಪಣ್ಣನ ಕಿಸೆದಾಗ ಇನ್ನೊಂದು ಕೀಲಿಕೈ ಇತ್ತಲ್ಲ! ನಾಹೀದಾ ಡ್ಯೂಟಿಗೆ ಹೋಗೋದ ಕಾದು, ಇಂವ ಬಾಗಲಾ ತಗದು ಒಳಗ ಹೋಗಿ ಬರ್ತಿದ್ದ. ಒಬ್ಬ ಹೆಣ್ಣಮಗಳು ಇರೋ ಮನಿ! ಆಕಿ ಸೀರಿ, ಆಕಿ ಹಾಸಿಗಿ, ಆಕಿ ಅಡಗಿ ಭಾಂಡಿ... ಕೇಳಿದ್ರ "ನನ್ನ ಮನಿ ನಾ ನೋಡಾಕ ಹೋಗೀನಿ" ಅಂತಾನ. ಇಂಥಾವಗ ಮಾಲಕ ಅಂತಾರೋ, ಏನಂತಾರೋ, ನೀವ ಹೇಳ್ರಿ.

ಹಂಗ ಹೋದಾಗ ಒಂದು ದಿನ ಕಂಡಿದ್ದು, ಒಳಗಿನ ಕೋಲ್ಯಾಗ, ಬಾವಿ ಕಡಿ ಹೊರಗ್ವಾಡ್ಯಾಗ ಒಂದು ಮೊಳಿ. ಎದಿ ಎತ್ತರಕ್ಕ. ತಲಿನ ಇಲ್ಲ ಅದಕ್ಕ, ಬರೇ ಚೂಪು. ಇಕ್ಕಳ ಹಾಕಿ ಜಗ್ಗಿದ. ಬರಲಿಲ್ಲ. ಕಾಲು ಕೊಟ್ಟು ಜಗ್ಗಿದ. ಬಂತು, ಬರುವಾಗ ಬೊಗಸಿಯಷ್ಟು ಗಾರೆ ಕಿತ್ಕೊಂಡ ಬಂತು. ಸಿಟ್ಟಿನಾವಗ ಕಣ್ಣಿರಂಗಿಲ್ಲ ನೋಡ್ರಿ. ಅದು ಯಾಕ ಹಂಗ ಬಂತು ಅಂತ ಅವಾಗ ಒಂದ ಚೂರು ವಿಚಾರ ಮಾಡಿದ್ರ ಇಷ್ಟು ಆಗ್ತಿರಲಿಲ್ಲ.

ಮುಂದಿನ ಅಮಾಸಿ ಕಳದ ಮ್ಯಾಲ ಇನ್ನೊಂದು ಮೊಳಿ. ಅದನ್ನೂ ಕಿತ್ತ. ಇನ್ನೊಂದು ತೂತು. ಆವತ್ತ ನಾಹೀದಾ ಬರೋತನಕ ಕುರ್ಚಿ ಹಾಕ್ಕೊಂಡು ಆಕಿ ಮನ್ಯಾಗ ಕುಂತಿದ್ದ.

"ಕಾಯ್ದೆ ಓದಾಕ ಬರಂಗಿಲ್ಲೇನ ನಿನಗ?"

"ಕಾಕಾ, ನೀವು ಒಳಗ ಹೆಂಗ ಬಂದ್ರಿ?"

"ಮೊಳಿ ಯಾಕ ಹೊಡದಿ ಅಂತ ಕೇಳೀನಿ!"

"ನಾ ಹೊಡದಿಲ್ರಿ. ನಮ್ಮ ಮನ್ಯಾಗ ಸುತಗಿನ ಇಲ್ಲ. ರಾತ್ರಿ ಸಪ್ಪಳ ಬರ್ತೈತಿ... ಮ್ಯಾಲಿನವರು ಅಂತ ತಿಳದಿದ್ದೆ."

"ಮ್ಯಾಲ ಬರೇ ಮಾಳಗಿ ಐತಿ, ಮಂದಿ ಎಲ್ಲದಾರ? ನನ್ನ ಮನಿಗಿ ಹೆಸರು ಇಡ್ತಿ?"

ಮೊಳಿ ಒಂದಕ್ಕ ಇಷ್ಟು ಅಂತ ಆಕಿ ಅಡ್ವಾನ್ಸಿನ್ಯಾಗ ಮುರ್ಕೊಂಡು ಎಂಟ ದಿನದಾಗ ಹೊರಗ ಹಾಕಿದ. ಹೋಗುವಾಗ ಆ ಹುಡುಗಿ ಅಳಲಿಲ್ಲ. ಮೆಟ್ಟಲದಾಗ ಗುರುಲಿಂಗಮ್ಮನ ಕೈ ಹಿಡದು ಸಣ್ಣ ದನೀಲೆ ಅಂದ್ಲು, "ಕಾಕಿ, ರೊಕ್ಕಾ ಹಾಳಾಗಿ ಹೋಗ್ಲಿ. ಒಂದ ಮಾತು. ಆ ಕೋಲ್ಯಾಗ ಕೂಸು ಮಲಗಸಬ್ಯಾಡ್ರಿ. ನಮ್ಮ ಉಜ್ಮಾ ಅಂತಾಳ... ರಾತ್ರಿ ಯಾರೋ ತೂಗ್ತಾರಂತ."

ಗುರುಲಿಂಗಮ್ಮ ಅದನ್ನ ಗಂಡಗ ಹೇಳಿದ್ಲು. "ಹೋಗೋಮುಂದ ವಿಷಾ ಕಾರಿ ಹೋಗ್ಯಾಳ" ಅಂದ. ಬಾಗಲಕ್ಕ ಹೊಸಾ ಕೀಲಿ ಹಾಕಿಸಿದ. ಎರಡೂ ಕೀಲಿಕೈ ತನ್ನ ಕಿಸೆದಾಗ. ತಿಂಗಳು ಬಿಟ್ಟು ಹೋಗಿ ನೋಡ್ತಾನ... ಮೂರನೇ ಮೊಳಿ.

ಕೀಲಿ ಹಾಕಿದ ಮನ್ಯಾಗ! ಮನಷ್ಯಾಗ ಅಲ್ಲಿ ಹೆದರಿಕಿ ಬರಬೇಕೋ ಬ್ಯಾಡೋ? ಇಂವಗ ಸಿಟ್ಟು ಬಂತು, ಅದನ್ನೂ ಕಿತ್ತು ಒಗದ. ನಾಹೀದಾ ಯಾವ್ದೋ ಕಳ್ಳ ಕೀಲಿಕೈ ಮಾಡಿಸ್ಯಾಳ, ಹಗೆ ತೀರಿಸ್ಕೊಳ್ಳಾಕ ರಾತ್ರಿ ಬಂದು ಗ್ವಾಡಿ ಹಾಳ ಮಾಡ್ತಾಳ ಅಂದ. ತಾ ಕಳ್ಳ, ಪರರ ನಂಬ ಅಂತಾರಲ್ಲ. ಎರಡನೇ ಕೀಲಿಕೈ ಇಟ್ಕೊಂಡಾವಗ ಎಲ್ಲಾರೂ ಹಂಗ ಕಾಣ್ತಾರ. "ನಡಿ, ಹೊಡಿಯೋಮುಂದ ಹಿಡಿಯೂಣು, ಸಾಕ್ಷಿಗೆ ನೀ ಬಾ" ಅಂತ ಹೆಂಡ್ತೀನ ಎಳಕೊಂಡು ಬಂದಿದ್ದ ಆ ಅಮಾಸಿ ರಾತ್ರಿ.

ಚಪ್ಲಿ ಕೈಯಾಗ ಹಿಡಕೊಂಡು ಮೆಟ್ಟಲಾ ಹತ್ತಿದ್ರು. ಟಕ್... ಟಕ್... ಎರಡನೇ ಮಹಡಿ ದಾಟೋತನಕ ಇತ್ತು. ಬಾಗಲದ ಮುಂದ ನಿಂತಾಗ ನಿಂತ್ತು. ಕೀಲಿ ಹಾಕಿದ್ದು ಹಾಕಿದಂಗ ಇತ್ತು. ವಿರುಪಣ್ಣ ತಗದು ಒಳಗ ಹೋದ. ಹೋದವನ ಏನ ಮಾಡಿದ? ಒಳಗಿನಾಕಿ ತಪ್ಪಿಸ್ಕೊಂಡು ಹೋಗಬಾರದು ಅಂತ ಒಳಗಿಂದ ಕೀಲಿ ಜಡದು, ಕೀಲಿಕೈ ಕಿಸೆದಾಗ ಇಟ್ಟ.

ಕೋಲಿ ನೋಡಿದ್ರು. ಅಡಗಿಮನಿ ನೋಡಿದ್ರು. ಬಚ್ಚಲಾ ನೋಡಿದ್ರು. ಯಾರೂ ಇಲ್ಲ. ಲೈಟಿನ ಗುಂಡಿ ಒತ್ತಿದ್ರ ಲೈಟು ಹತ್ತವಲ್ದು.

"ನಡೀರಿ ಹೋಗೂಣು..."

"ಸುಮ್ನ ಕುಂದ್ರು. ಬಂದ ಬರ್ತಾಳ."

ಒಳಗಿನ ಕೋಲ್ಯಾಗ, ಆ ಗ್ವಾಡಿ ಎದುರಿಗೆ ನೆಲಕ್ಕ ಕುಂತ್ರು. ಎಷ್ಟೊತ್ತೋ. ಗುರುಲಿಂಗಮ್ಮಗ ತನ್ನ ಉಸುರು ತನಗ ಕೇಳ್ತಿತ್ತು.

ಮೊದಲ ಬಳಿ ಸಪ್ಪಳ. ಗಾಜಿನವು, ಎರಡ ಇಲ್ಲಾ ಮೂರ, ಕಿಣ್... ಆಮ್ಯಾಲ ತುಂಬಿದ ಬುಟ್ಟಿ ಸೊಂಟದ ಮ್ಯಾಲಿಂದ ಇಳಿಸಿದಂಗ, ಧಸಕ್... ಆಮ್ಯಾಲ ಹಳೇ ಸೀರಿ ಹರದಂಗ, ಚರ್ರ್...

ಟಕ್.

ಗ್ವಾಡ್ಯಾಗಿಂದ. ಸುಣ್ಣ ಸರ್ರ್ ಅಂತ ಉದುರಿತು.

"ಯಾವಾಕಿ ಆಕಿ!" ಅಂತ ಒದರಿ ವಿರುಪಣ್ಣ ಬ್ಯಾಟರಿ ಬೆಳಕು ಬಿಟ್ಟ.

ಗ್ವಾಡಿ ಮುಂದ ಯಾರೂ ಇಲ್ಲ. ಆದ್ರ ಬೆಳಕಿನ್ಯಾಗ ಇಬ್ಬರೂ ನೋಡಿದ್ರು. ಸುಣ್ಣದಾಗಿಂದ ಒಂದು ಮೊಳಿ ಚೂಪು ಹೊರಗ ಇಣಿಕಿತ್ತು. ಟಕ್... ಅಕ್ಕಿಕಾಳಿನಷ್ಟು ಬಂತು. ಟಕ್... ಬೆರಳಿನಷ್ಟು ಬಂತು. ಯಾರೋ ಗ್ವಾಡಿ ಆಕಡಿಂದ ಹೊಡಿಯಾಕತ್ತಾರ. ಆಕಡಿ ಏನೈತಿ? ಏನೂ ಇಲ್ಲ! ಮೂರು ಅಂತಸ್ತು ಬರೇ ಗಾಳಿ, ಕೆಳಗ ಬಾವಿ.

ಆವಾಗ ದನಿ ಬಂತು. ಬಾಯಿ ಗ್ವಾಡಿಗೆ ಹಚ್ಚಿ ಮಾತಾಡಿದಂಗ, ಸಣ್ಣಂಗ, ದಣದು... "ಕೀಳಬ್ಯಾಡ್ರಿ ಯಪ್ಪಾ... ಕೂಸಿಗೆ ಜೋಳಿಗಿ ಕಟ್ಟಬೇಕು..."

ವಿರುಪಣ್ಣ ಮಾಲಕ ಅನ್ನೋದ ಮರತು ಬಾಗಲಕ್ಕ ಓಡಿದ. ಕೀಲಿಕೈ ಹಾಕಿದ. ತಿರುಗವಲ್ದು. ಎರಡನೇದು ಹಾಕಿದ. ತಿರುಗವಲ್ದು. ತನ್ನ ಕೈಲೆ ಜಡದ ಕೀಲಿ! ಒದ್ದ, ಗುದ್ದಿದ, ಬೈದ. ಹಿಂದ ಬಳಿ ಸಪ್ಪಳ ಹತ್ರ ಹತ್ರ ಬರಾಕತ್ತಿತ್ತು... ಕಿಣ್... ಕಿಣ್...

ಗುರುಲಿಂಗಮ್ಮಗ ಏನ ತಿಳೀತೋ, ಹೊಳ್ಳಿ ನಿಂತ್ಲು. ಯಾರ ಮನಿಗರ ಹೋದ್ರ ಎದ್ದು ಬರುವಾಗ ಮನಿಯಾಕಿಗೆ ಏನ ಹೇಳಿ ಬರ್ತೀವಿ? ಅದನ್ನ ಹೇಳಿದ್ಲು. ಸೆರಗು ಮುಂದಕ್ಕ ತಗೊಂಡು, ಕತ್ತಲಿಗೆ ಕೈ ಮುಗದು, "ಹೇಳದ ಕೇಳದ ಬಂದೀವಿ, ತಪ್ಪಾತು. ಹೋಗಿ ಬರ್ತೀವವ್ವಾ, ಬಾಗಲಾ ತಗಿ."

ಬಳಿ ಸಪ್ಪಳ ಆಕಿ ಪಕ್ಕದಾಗ ಹಾದು ಹೋತು. ಖಟ್. ಬಾಗಲಾ ತಗೀತು.

ಕೀಲಿಕೈ ವಿರುಪಣ್ಣನ ಕೈಯಾಗ ಇತ್ತು.

ಬೆಳಗಾಗೋತನಕ ಬಸ್‌ಸ್ಟ್ಯಾಂಡಿನ್ಯಾಗ ಕುಂತು, ಬೆಳಗಾದ ಮ್ಯಾಲ ಗುರುಲಿಂಗಮ್ಮ ನೆಟ್ಟಗ ಮಕ್ಬುಲಸಾಬನ ಅಂಗಡಿಗೆ ಹೋದ್ಲು. ವಿರುಪಣ್ಣ ಹಿಂದಿಂದ, ತೊಯ್ದ ಬೆಕ್ಕಿನಂಗ. ಮಕ್ಬುಲಸಾಬ ಹಲಗಿಗೆ ರಂದಾ ಹೊಡಿಯಾಕತ್ತಿದ್ದ. ರಾತ್ರಿ ಆಗಿದ್ದೆಲ್ಲಾ ಕೇಳಿ ರಂದಾ ಕೆಳಗ ಇಟ್ಟ.

"ತಂಗೀ, ಆ ಗ್ವಾಡಿ ಇನ್ನೂ ಎತ್ತಿರಲಿಲ್ಲ ಅವಾಗ. ಬುಟ್ಟಿ ಹೊರಾಕ ಬಂದ ಹುಡುಗಿ, ಯಲಬುರ್ಗಾ ಕಡಿಯಾಕಿ. ಆರ ತಿಂಗಳ ಕೂಸು. ಕೂಸಿನ್ನ ತೂಗಾಕ ಸೀರಿ ಜೋಳಿಗಿ ಕಟ್ಟಾಕ ಕಂಬದ ಹಲಗಿಗೆ ಮೊಳಿ ಹೊಡೀತಿದ್ಲು. ಹಿಂದಕ್ಕ ಒಂದು ಹೆಜ್ಜಿ ಇಟ್ಲು... ಅಲ್ಲಿ ಗ್ವಾಡಿ ಇರಲಿಲ್ಲ. ಬಾವಿ ಕಟ್ಟಿ ಮ್ಯಾಲ ಬಿದ್ಲು. ಕಟ್ಟಡದವರು ರಾತ್ರೋರಾತ್ರಿ ಹೆಣಾ ಸಾಗಿಸಿದ್ರು. ಕೇಸಿಲ್ಲ, ಪರಿಹಾರ ಇಲ್ಲ. ಕೂಸಿನ್ನ ಊರಿನವರು ಒಯ್ದ್ರು. ಆಕಿ ಕೈಯಾಗಿನ ಮೊಳಿ ಅಲ್ಲೇ ಬಿದ್ದಿತ್ತು. ನಾನು ಅದನ್ನ ಹೊಸ್ತಿಲಕ್ಕ ಹೊಡದೆ. ಆಕಿಗೂ ಆ ಮನ್ಯಾಗ ಒಂದು ಜಾಗ ಇರ್ಲಿ ಅಂತ."

"ನನಗ ಒಂದ ಮಾತು ಹೇಳಬಾರದಿತ್ತೇನಣ್ಣಾ?"

ಮಕ್ಬುಲಸಾಬ ವಿರುಪಣ್ಣನ ಕಡಿ ನೋಡಿದ. "ಸಾವ್ಕಾರ್ರಿಗೆ ಎಲ್ಲಾ ಗೊತ್ತಿತ್ತವ್ವಾ. ಅದಕ್ಕ ಸೋವಿ ಸಿಕ್ಕಿದ್ದು."

ಗುರುಲಿಂಗಮ್ಮ ಗಂಡನ ಕಡಿ ಹೊಳ್ಳಿದ್ಲು. ನಲವತ್ತು ವರ್ಷ ಸಂಸಾರ ಮಾಡ್ಯಾಳ, ನಡು ಬಜಾರದಾಗ ದನಿ ಎತ್ತಿದಾಕಿ ಅಲ್ಲ.

"ಗೊತ್ತಿತ್ತೇನ್ರಿ?"

"ಅದು... ಕೂಲಿಯಾಕಿ ಒಬ್ಬಾಕಿ..."

"ಹೆಸರೇನು?"

"ಯಾರ್ದು?"

"ನಮ್ಮ ಮನ್ಯಾಗ ಸತ್ತಾಕಿದು! ಹೆಸರ ಕೇಳೀನಿ!"

ಗೊತ್ತಿದ್ರ ಅಲ್ಲ ಹೇಳೋದು?

"ಕವಿತಾ" ಅಂದ ಮಕ್ಬುಲಸಾಬ.

ಆವಾಗ ಹತ್ತಿತು ನೋಡ್ರಿ ಉರಿ. "ನಮ್ಮವ್ವನ ಹೊಲಾ ಮಾರಿ ನೀವು ಒಂದು ಹೆಣಾ ಸೋವಿ ಮಾಡ್ಕೊಂಡು ಬಂದ್ರಿ! ಅದನ್ನ ಮುಚ್ಚಿಟ್ಟು, ಕೂಸಿರಾಕಿಗೆ ಬಾಡಗಿ ಕೊಟ್ರಿ! ಆ ಹುಡುಗಿ ಮ್ಯಾಲ ಮೊಳಿ ಹೊರಿಸಿದ್ರಿ! ಒಂದು ಮೊಳಿ... ಒಂದ ಮೊಳಿ ಜಾಗ ಕೊಟ್ಟಿದ್ರ ನಿಮ್ಮ ಗಂಟು ಏನ ಹೋಗ್ತಿತ್ತು? ಕಾಗದ ಯಾರ ಹೆಸರಿಲೆ ಐತಿ? ಹೇಳ್ರಿ! ತಗೀರಿ ಕೀಲಿಕೈ!"

ಚಾದ ಅಂಗಡಿ ಮಂದಿ ಎಲ್ಲಾ ಎದ್ದು ನಿಂತು ನೋಡಾಕತ್ತಿದ್ರು. ವಿರುಪಣ್ಣ ಎರಡೂ ಕೀಲಿಕೈ ತಗದು ಹೆಂಡ್ತಿ ಕೈಯಾಗ ಇಟ್ಟ. ಗೊಂಚಲದ ಝಣಝಣ ಅವತ್ತಿಗೆ ಮುಗೀತು.

ಅವತ್ತ ಸಂಜೀಕ ನಾಹೀದಾನ ತೌರುಮನಿಗಿ ಕಳಿಸಿದ್ಲು ಗಂಡನ್ನ, ಮುರ್ಕೊಂಡಿದ್ದೆಲ್ಲಾ ಕೊಟ್ಟು ತಪ್ಪಾತು ಅಂದು ಬರ್ರಿ ಅಂತ. ಆ ಹುಡುಗಿ ರೊಕ್ಕಾ ತಗೊಂಡ್ಲಂತ. ಕುಂದ್ರು ಅನ್ನಲಿಲ್ಲಂತ. "ಕಾಕಾ, ಇನ್ನ ಮ್ಯಾಲ ಬಾಗಲಾ ಬಡದು ಹೋಗ್ರಿ, ಯಾರ ಮನಿಗಾದ್ರೂ" ಅಂದ್ಲಂತ. ಬರೋಬರಿ ಅಂದ್ಲು.

ಮಕ್ಬುಲಸಾಬ ಬಂದು ಗ್ವಾಡ್ಯಾಗಿನ ಆ ಮೊಳಿಗೆ ಕೈ ಹಚ್ಚಿದ. ಇಕ್ಕಳ ಬೇಕಾಗಲಿಲ್ಲ, ಕೈಯಾಗ ಬಂತು. ಅದನ್ನ ಹೊಸ್ತಿಲಕ್ಕ, ಮೊದಲಿನ ತೂತಿನ್ಯಾಗ ಇಳಿಸಿ ಹೊಡದ. ಗುರುಲಿಂಗಮ್ಮ ತನ್ನ ಹಳೇ ಇಳಕಲ್ ಸೀರಿ ತಂದು ಆ ಕೋಲ್ಯಾಗ ಜೋಳಿಗಿ ಕಟ್ಟಿದ್ಲು. ಕಾಯ್ದೆ ಕಾಗದ ಹರದು ಒಲಿಗೆ ಹಾಕಿದ್ಲು. ಅಲ್ಲಿಂದ ಇಲ್ಲಿತನಕ ಇನ್ನೊಂದು ಮೊಳಿ ಬಂದಿಲ್ಲ.

ಈಗ ಯಾರರ ಬಂದು "ಮನಿ ಖಾಲಿ ಐತೇನ್ರಿ?" ಅಂದ್ರ, ಗುರುಲಿಂಗಮ್ಮ "ಇಲ್ಲರಿ, ಮಂದಿ ಅದಾರ" ಅಂತಾಳ. ಪ್ರತಿ ಅಮಾಸಿಗೆ ಎಣ್ಣಿ ಬತ್ತಿ ಕೊಟ್ಟು ಗಂಡನ್ನ ಕಳಸ್ತಾಳ, ಅಲ್ಲಿ ದೀಪಾ ಹಚ್ಚಿ ಬರ್ರಿ ಅಂತ. ಅಂವ ಹೋಗ್ತಾನ. ಹೋಗಿ, ತನ್ನ ಮನಿ ಬಾಗಲದ ಮುಂದ ಚಪ್ಲಿ ಬಿಟ್ಟು, ಮೂರು ಸಲ ಬಡೀತಾನ. "ಕವಿತಾ... ಬರ್ಲೇನವ್ವಾ?" ಅಂತ ಕೇಳಿ, ಕೈ ಕಟ್ಟಿ ನಿಂದರ್ತಾನ. ಪಕ್ಕದ ಮನಿಯವರು ನಗ್ತಿದ್ರು ಮೊದಲ. ಈಗ ನಗಂಗಿಲ್ಲ, ತಮ್ಮ ಬಾಗಲಾ ಮುಚ್ಕೋತಾರ.

ಸುಳ್ಳು ಅಂತೀರಿ? ನಿನ್ನೆ ಮೊನ್ನೆ ನಾನ ಮರಳಿಗೆ ಹೋಗಿದ್ದೆ. ಗುರುಲಿಂಗಮ್ಮ ಟ್ರಂಕು ತಗದು ತೋರಿಸಿದ್ಲು. ಎರಡೂ ಕೀಲಿಕೈ ಅಲ್ಲೇ ಅದಾವ, ಅರಿಶಿಣದ ದಾರಾ ಸುತ್ತಿ, ಗಂಟಿಗೆ ಕುಂಕುಮ ಹಚ್ಚಿ, ಆಕಿ ಒಡವಿ ಡಬ್ಬಿ ಬಾಜೂಕ. ಆ ದಾರಾ, ಜೋಳಿಗಿ ಕಟ್ಟಿ ಬಾಗಲಕ್ಕ ಕೀಲಿ ಜಡದು ಬಂದ ದಿನ ಕಟ್ಟಿದ್ದು, ಒಮ್ಮಿನೂ ಬಿಚ್ಚಿಲ್ಲ. ಬಿಚ್ಚಿದ್ರ ಗಂಟಿನ ಮ್ಯಾಲಿನ ಕುಂಕುಮ ಅಳಿಸಿರ್ತಿತ್ತು, ನನ್ನ ಕಣ್ಣು ಇನ್ನೂ ಛಲೋ ಅದಾವ.

ಹೋದ ಅಮಾಸಿಗೂ ವಿರುಪಣ್ಣ ಹೋಗ್ಯಾನ. ದೀಪಾ ಒಳಗ ಹಚ್ಚಿ ಬಂದಾನ.